ಹತ್ತನೆಯ ಇಯತ್ತೆ ಮುಗಿದ ಮರುದಿನ

ಬ್ಯಾಡಗಿಯ ಮೆಣಸಿನಕಾಯಿಯ ಹೆಸರನ್ನು ಕೇಳದ ಗೃಹಿಣಿಯು ಕನ್ನಡ ನಾಡಿನಲ್ಲಿ ಇರಲಾರಳು. ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಹೊಗಳಿ ಅದನ್ನು ಸಾರಿಗೆ ಹಾಕುವ ನಾವು, ಅದರ ತೊಟ್ಟು ಬಿಡಿಸಿದವರಾರೆಂದು ಕೇಳುವದಿಲ್ಲ. ಪೇಟೆಯ ಸುತ್ತಲಿನ ಅಂಗಳಗಳಲ್ಲಿ ಸಾಲಾಗಿ ಕುಳಿತು, ಮೂಗಿಗೆ ಸೆರಗು ಕಟ್ಟಿಕೊಂಡು, ಒಂದೊಂದೇ ಕಾಯಿಯ ತೊಟ್ಟು ಮುರಿಯುವವರು ಬಹುಮಟ್ಟಿಗೆ ಹೆಂಗಸರು. ರಾಣೇಬೆನ್ನೂರ ಕಡೆಗೆ ಹೋದರೆ ಬೀಜೋತ್ಪಾದನೆಯ ಹೊಲಗಳು ಕಾಣುವವು. ಅಲ್ಲಿ ಹತ್ತಿಯ ಮೊಗ್ಗನ್ನು ಸಾಯಂಕಾಲ ಬಿಡಿಸಿ ಅದರ ಗಂಡುಕೇಸರಗಳನ್ನು ತೆಗೆದುಹಾಕಿ, ಮರುದಿನ ಮುಂಜಾನೆ ಬೇರೆ ತಳಿಯ ಗಿಡದ ಹೂವನ್ನು ತಂದು ಅದರ ಪರಾಗವನ್ನು ಮುಟ್ಟಿಸುವರು. ಸಾವಿರಾರು ಮೊಗ್ಗುಗಳಿಗೆ ಇದನ್ನೆಲ್ಲ ಕೈಯಿಂದಲೇ ಮಾಡಬೇಕು. ಬೆರಳು ಸಣ್ಣದಿದ್ದಷ್ಟು ಮೊಗ್ಗು ಕೆಡುವದು ಕಡಿಮೆ ಎಂಬ ಮಾತುಂಟು. ಸಣ್ಣ ಬೆರಳೆಂದರೆ ಯಾರ ಬೆರಳೆಂಬದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಕೆಲಸಗಳನ್ನು ನಾನು ಹಳಿಯುತ್ತಿಲ್ಲ. ಅವುಗಳಿಂದ ಎಷ್ಟೋ ಮನೆಗಳ ಒಲೆ ಹೊತ್ತುವದು. ಆದರೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಈ ಮೂರು ಊರುಗಳ ಸುತ್ತಿನಲ್ಲಿ ಹೆಣ್ಣುಮಕ್ಕಳ ವಿದ್ಯಾರ್ಥಿವೇತನದ ಮಾತನ್ನು ಎತ್ತತಕ್ಕವರು ಮೊದಲು ಈ ಅಂಗಳವನ್ನೂ ಈ ಹೊಲವನ್ನೂ ಒಮ್ಮೆ ನೋಡಿ ಬರಬೇಕು. ಹೆಣ್ಣುಮಗಳಿಗೆ ವಿದ್ಯೆ ಏತಕ್ಕೆ ಎಂದು ಬಾಯಿಬಿಟ್ಟು ಕೇಳುವ ತಂದೆಯನ್ನು ಈಗ ನಾನು ಕಾಣೆನು. ಅಂಥವರಿದ್ದ ಕಾಲ ಹೋಯಿತು. ೨೦೦೧ರ ಜನಗಣತಿಯಲ್ಲಿ ಹಾವೇರಿ ಜಿಲ್ಲೆಯ ಸ್ತ್ರೀಸಾಕ್ಷರತೆ ಶೇಕಡಾ ೫೭.೩೭ ಇದ್ದದ್ದು ೨೦೧೧ರಲ್ಲಿ ೭೦.೪೬ಕ್ಕೆ ಏರಿತ್ತು, ಗಂಡಸರದು ಆಗ ೮೪ ಇತ್ತು. ಅಕ್ಷರದ ಅಂತರವು ಹೀಗೆ ವರ್ಷವರ್ಷಕ್ಕೆ ಕಿರಿದಾಗುತ್ತ ಬಂದಿದೆ. ಕಿರಿದಾಗದೆ ಉಳಿದಿರುವದು ಇನ್ನೊಂದು ಕಂದಕ. ಅದು ಹತ್ತನೆಯ ಇಯತ್ತೆಯ ಫಲಿತಾಂಶ ಬಂದ ಮರುದಿನ ಬಾಯ್ದೆರೆಯುವದು.

ಹದಿನೆಂಟು ವರ್ಷಗಳ ಕೆಳಗಿನ ಮಾತು. ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯ ಹುಡುಗಿ ಶೇಕಡಾ ೬೪ ಅಂಕ ಪಡೆದು ಪಾಸಾಗಿದ್ದಳು. ಬುದ್ಧಿ ಚುರುಕು, ಅಕ್ಷರ ದುಂಡು. ಸಂಸ್ಕೃತದ ಶಬ್ದರೂಪಗಳನ್ನು ತರಗತಿಯಲ್ಲಿ ಅವಳಷ್ಟು ತಪ್ಪಿಲ್ಲದೆ ಹೇಳುವವರು ಇರಲಿಲ್ಲ. ಕಾಲೇಜಿನ ಪ್ರವೇಶಕ್ಕೆ ಅವಳು ಬಾರದ್ದನ್ನು ಕಂಡು ನಾನು ಅವಳ ಮನೆಗೆ ಹೋದೆನು. ತಂದೆ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂಡ್ರಿಸಿ, ಚಹ ಕೊಟ್ಟು, ತಲೆ ತಗ್ಗಿಸಿಕೊಂಡು ಹೇಳಿದ್ದು ಇಷ್ಟು:

"ಮಾಸ್ತರ, ಓದಸೂದು ಬ್ಯಾಡ ಅನ್ನಂಗಿಲ್ರಿ ನಾ. ಫೀ ಹೆಂಗರ ತುಂಬತೇನಿ. ಆದರ ಸಂಜಿ ಬಸ್ಸು ತಪ್ಪಿದ್ರ ಮಗಳು ಎಲ್ಲಿರಬೇಕ್ರಿ? ಮನ್ಯಾಗ ಇದ್ರ ದಿನಾ ಐವತ್ತು ರೂಪಾಯಿ ದುಡೀತಾಳ. ಎರಡು ವರ್ಷ ಕಳದ್ರ ಹದಿನೆಂಟು ತುಂಬತಾವು..."

ಅವನು ವಾಕ್ಯವನ್ನು ಪೂರ್ತಿ ಮಾಡಲಿಲ್ಲ, ನಾನೂ ಮಾಡಿಸಲಿಲ್ಲ. ೧೯೨೯ರ ಶಾರದಾ ಕಾಯದೆಯಲ್ಲಿ ಹೆಣ್ಣಿನ ಮದುವೆಗೆ ಹದಿನಾಲ್ಕು ವರ್ಷ ಸಾಕಾಗಿತ್ತು. ೧೯೭೮ರಿಂದ ಅದು ಹದಿನೆಂಟಾಗಿದೆ. ಕಾಯದೆಯು ಹೆಣ್ಣುಮಗಳಿಗೆ ಕೆಲವು ವರ್ಷಗಳನ್ನು ಗಳಿಸಿಕೊಟ್ಟಿತು ನಿಜ. ಆದರೆ ಹದಿನಾರಕ್ಕೆ ಶಾಲೆ ಬಿಟ್ಟು ಹದಿನೆಂಟರವರೆಗೆ ಕಾಯುವವಳಿಗೆ ಆ ಎರಡು ವರ್ಷಗಳನ್ನು ಏನು ಮಾಡಬೇಕೆಂಬದನ್ನು ಕಾಯದೆ ಹೇಳುವದಿಲ್ಲ. ಅಂಗಳವೂ ಹೊಲವೂ ಹೇಳುವವು.

ಆ ತಂದೆಯ ಲೆಕ್ಕದಲ್ಲಿ ಫೀಯು ಎಲ್ಲಕ್ಕಿಂತ ಸಣ್ಣ ಬಾಬು ಎಂಬದನ್ನು ಗಮನಿಸಬೇಕು. ದೊಡ್ಡ ಬಾಬುಗಳು ಮೂರು: ದಾರಿ, ಇರುವ ಜಾಗ, ತಪ್ಪಿಹೋಗುವ ಕೂಲಿ. ವಿದ್ಯಾರ್ಥಿವೇತನವೆಂದು ನಾವು ಕೊಡುವದು ಈ ಮೂರಕ್ಕೆ ಉತ್ತರವಾಗದಿದ್ದರೆ ಅದು ಬಹುಮಾನವಾದೀತೇ ಹೊರತು ವೇತನವಾಗಲಾರದು.

ನಮ್ಮ ಸೀಮೆಯ ಜನ ವಿದ್ಯೆಗೆ ಕೊಡುವದರಲ್ಲಿ ಹಿಂದೆ ಬಿದ್ದವರೆಂದು ಯಾರೂ ಹೇಳಲಾರರು. ೧೮೮೩ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಹುಟ್ಟಿದಾಗ ಗಿಲಗಂಚಿ ಗುರುಸಿದ್ದಪ್ಪನವರ ಜೊತೆಗೆ ಹೆಗಲು ಕೊಟ್ಟವರು ಅರಟಾಳ ರುದ್ರಗೌಡರು. ಅರಟಾಳವು ಈಗ ನಮ್ಮ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಗ್ರಾಮ. ಬೆಳಗಾವಿಯ ಜಿ. ಎ. ಹೈಸ್ಕೂಲಿನ ಹೆಸರಿನಲ್ಲಿರುವ ಎರಡು ಅಕ್ಷರಗಳು ಈ ಇಬ್ಬರವೇ ಎಂಬದನ್ನು ಅಲ್ಲಿ ಕಲಿತವರೂ ಎಷ್ಟೋ ಜನ ಅರಿಯರು. ಅದೇ ಶಿಗ್ಗಾವಿಯಲ್ಲಿ ೧೮೬೧ರಲ್ಲಿ ಹುಟ್ಟಿ ಸಿರಸಂಗಿಯ ದೇಸಗತಿಗೆ ದತ್ತಕರಾಗಿ ಹೋದ ಲಿಂಗರಾಜರು, ತಮ್ಮ ಸಮಸ್ತ ಆಸ್ತಿಯನ್ನು ವಿದ್ಯಾರ್ಥಿಗಳ ಸಲುವಾಗಿ ಮೃತ್ಯುಪತ್ರದಲ್ಲಿ ಬರೆದಿಟ್ಟು ೧೯೦೬ರಲ್ಲಿ ತೀರಿಕೊಂಡರು. ಆ ನಿಧಿಯ ನೆರವಿನಿಂದ ಓದಿ ಮುಂದೆ ಬಂದವರು ಕರ್ನಾಟಕದಲ್ಲಿ ಎಷ್ಟೋ ಮಂದಿ. ಇವರಲ್ಲದೆ ಮಠಗಳ ಪ್ರಸಾದನಿಲಯಗಳಿದ್ದವು, ಬ್ರಾಹ್ಮಣರ ಓಣಿಗಳಲ್ಲಿ ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳ ಅನ್ನದಿಂದ ಮೆಟ್ರಿಕ್ ಮುಗಿಸಿದವರನ್ನು ನನ್ನ ಗುರುಗಳ ಪೀಳಿಗೆಯಲ್ಲಿ ಬೆರಳೆಣಿಸಲಾಗದಷ್ಟು ಕಂಡಿದ್ದೇನೆ.

ಆದರೆ ಈ ಏರ್ಪಾಡುಗಳ ರೂಪವನ್ನೇ ನೋಡಿರಿ. ಹನ್ನೆರಡು ವರ್ಷದ ಹುಡುಗನು ಗಂಟುಮೂಟೆ ಕಟ್ಟಿಕೊಂಡು ಪರಸ್ಥಳಕ್ಕೆ ಹೋಗಿ, ಮಠದ ಜಗುಲಿಯ ಮೇಲೆ ಮಲಗಿ, ಅವರಿವರ ಮನೆಯಲ್ಲಿ ಉಂಡು ಓದಬಹುದು. ಹನ್ನೆರಡು ವರ್ಷದ ಹುಡುಗಿಯು ಹಾಗೆ ಮಾಡಲು ಸಾಧ್ಯವಿತ್ತೇ? ದಾನಿಗಳ ಮನಸ್ಸು ಸಣ್ಣದಿರಲಿಲ್ಲ; ದಾನದ ದಾರಿಯು ಗಂಡುಮಗನ ಕಾಲಳತೆಗೆ ಹಾಕಿದ್ದಾಗಿತ್ತು. ಹೀಗಾಗಿ ಹೆಣ್ಣುಮಕ್ಕಳಿಗೆ ಆ ಧರ್ಮದ ನೆರಳು ತಾಗದೆ ಹೋಯಿತು.

ಪಾಂಡಿತ್ಯವುಳ್ಳ ಮಗಳು ಹುಟ್ಟಬೇಕೆಂಬ ಆಸೆಯೇ ನಮ್ಮಲ್ಲಿ ಇರಲಿಲ್ಲವೆಂದು ಕೆಲವರು ಹೇಳುವದುಂಟು. ಇದು ಸರಿಯಲ್ಲ. ಬೃಹದಾರಣ್ಯಕೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ, ಪಂಡಿತಳಾದ ಮಗಳನ್ನು ಬಯಸುವ ದಂಪತಿಗಳು ಎಳ್ಳು ಹಾಕಿ ಅನ್ನ ಬೇಯಿಸಿ ತುಪ್ಪದೊಡನೆ ಉಣ್ಣಬೇಕೆಂಬ ವಿಧಿಯೇ ಇದೆ. ಆದರೆ ಶಂಕರಾಚಾರ್ಯರು ಅದಕ್ಕೆ ಭಾಷ್ಯ ಬರೆಯುವಾಗ, ಇಲ್ಲಿ ಮಗಳ ಪಾಂಡಿತ್ಯವೆಂದರೆ ಮನೆವಾರ್ತೆಯ ವಿಷಯದಲ್ಲಿ ಮಾತ್ರ ಎಂದು ಅರ್ಥವನ್ನು ಕಿರಿದುಗೊಳಿಸಿದ್ದಾರೆ. ಭಗವತ್ಪಾದರಲ್ಲಿ ನನಗೆ ಇರುವ ಭಕ್ತಿಯು ಕಡಿಮೆಯದಲ್ಲ. ಆದರೂ ಮೂವತ್ತೈದು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ಮೇಲೆ, ಈ ಒಂದು ಸ್ಥಳದಲ್ಲಿ ನನ್ನ ಮನಸ್ಸು ಮೂಲದ ಕಡೆಗೇ ಹೋಗುವದು.

ಈಗಿನ ಕಾಲಕ್ಕೆ ಬರೋಣ. ಹುಡುಗಿಯರಿಗೆಂದೇ ಮೀಸಲಾದ ದೊಡ್ಡ ವೇತನಗಳು ಇತ್ತೀಚಿನ ವರ್ಷಗಳಲ್ಲಿ ಹಲವು ಹುಟ್ಟಿವೆ. ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿಯ 'ಪ್ರಗತಿ' ವೇತನದಲ್ಲಿ ಡಿಪ್ಲೊಮಾ ಅಥವಾ ಇಂಜಿನಿಯರಿಂಗ್ ಸೇರಿದ ಹುಡುಗಿಗೆ ವರ್ಷಕ್ಕೆ ೫೦,೦೦೦ ರೂಪಾಯಿ ದೊರೆಯುವದು. ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳ ತನಕ ಪಡೆಯಬಹುದು. ೧೯೫೦ರಲ್ಲಿ ಶಿಗ್ಗಾವಿಯಲ್ಲಿ ಹುಟ್ಟಿ, ಹುಬ್ಬಳ್ಳಿಯ ಬಿ. ವಿ. ಬಿ. ಕಾಲೇಜಿನ ತನ್ನ ತರಗತಿಯಲ್ಲಿ ಒಬ್ಬಳೇ ಹುಡುಗಿಯಾಗಿ ಇಂಜಿನಿಯರಿಂಗ್ ಕಲಿತ ಸುಧಾ ಮೂರ್ತಿಯವರನ್ನು ವಾಚಕರೆಲ್ಲ ಬಲ್ಲರು. ಅವರು ಬಹುಕಾಲ ನಡೆಸಿದ ಇನ್ಫೋಸಿಸ್ ಪ್ರತಿಷ್ಠಾನವು ೨೦೨೩ರಲ್ಲಿ ನೂರು ಕೋಟಿ ರೂಪಾಯಿಗಳನ್ನು ತೆಗೆದಿರಿಸಿ, ವಿಜ್ಞಾನ ಮತ್ತು ತಂತ್ರಜ್ಞಾನ ಓದುವ ೨,೦೦೦ ಹುಡುಗಿಯರಿಗೆ ವರ್ಷಕ್ಕೆ ಒಂದು ಲಕ್ಷದ ತನಕ, ನಾಲ್ಕು ವರ್ಷ ಕೊಡುವ ಯೋಜನೆಯನ್ನು ಸಾರಿತು. ೨೦೨೫ರಲ್ಲಿ ಕರ್ನಾಟಕ ಸರಕಾರವೂ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವೂ ಕೂಡಿ 'ದೀಪಿಕಾ' ಎಂಬ ವೇತನವನ್ನು ಆರಂಭಿಸಿದವು. ಸರಕಾರಿ ಶಾಲೆ-ಕಾಲೇಜುಗಳಲ್ಲಿ ಹತ್ತನೆಯ ಇಯತ್ತೆ ಮತ್ತು ಪಿ. ಯು. ಮುಗಿಸಿ ಪದವಿಗೆ ಅಥವಾ ಡಿಪ್ಲೊಮಾಕ್ಕೆ ಸೇರುವ ೩೭,೦೦೦ ಹುಡುಗಿಯರಿಗೆ ವರ್ಷಕ್ಕೆ ೩೦,೦೦೦ ರೂಪಾಯಿ ಮುಟ್ಟಿಸುವದು ಅದರ ಗುರಿ. ಇದರಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದೆಂದರೆ ರ‍್ಯಾಂಕಿನ ಮಾತೇ ಇಲ್ಲದಿರುವದು, ಮತ್ತು ಹಣವು ಹುಡುಗಿಯ ಸ್ವಂತ ಖಾತೆಗೇ ಬೀಳುವದು.

ಇವೆಲ್ಲ ಒಳ್ಳೆಯವೇ. ಆದರೆ ಗೃಹಸ್ಥರು ಒಂದು ಕಾಗದದ ಮೇಲೆ ಹುಡುಗಿಯ ವಯಸ್ಸನ್ನು ಉದ್ದಕ್ಕೆ ಬರೆದು, ಯಾವ ವೇತನವು ಎಲ್ಲಿಂದ ಆರಂಭವಾಗುವದೆಂದು ಗೆರೆ ಎಳೆದು ನೋಡಿದರೆ, ಹದಿನಾರರಿಂದ ಹದಿನೆಂಟರ ನಡುವೆ ಬಯಲು ಕಾಣುವದು. ಹತ್ತನೆಯದರಿಂದ ನೇರವಾಗಿ ಡಿಪ್ಲೊಮಾಕ್ಕೆ ಹೋಗುವ ಕೆಲವರನ್ನು ಬಿಟ್ಟರೆ, ದೊಡ್ಡ ವೇತನಗಳು ಪಿ. ಯು. ದಾಟಿದವಳನ್ನೇ ಎದುರುಗೊಳ್ಳುವವು. ಹೊಳೆಯ ಆಚೆಯ ದಂಡೆಯಲ್ಲಿ ಛತ್ರವಿದೆ, ದೋಣಿ ಇಲ್ಲ. ಸರಕಾರದ ಮೆಟ್ರಿಕೋತ್ತರ ವೇತನಗಳು ಪಿ. ಯು. ಓದುವವರಿಗೂ ಉಂಟು. ರೈತರ ಮಕ್ಕಳಿಗೆಂದು ೨೦೨೧ರಲ್ಲಿ ಸಾರಿದ ವಿದ್ಯಾನಿಧಿಯಲ್ಲಿ ಪಿ. ಯು. ಹುಡುಗನಿಗೆ ೨,೫೦೦ ಇಟ್ಟರೆ ಹುಡುಗಿಗೆ ೩,೦೦೦ ಇಟ್ಟಿದ್ದರು. ಹೆಣ್ಣಿಗೆ ಐನೂರು ಹೆಚ್ಚಿಗೆ ಎಂಬ ಆ ವಿಚಾರವು ಮೆಚ್ಚತಕ್ಕದ್ದೇ. ಆದರೆ ನಾನು ಕಂಡಮಟ್ಟಿಗೆ ಇಂಥ ಹಣವು ಕೈಗೆ ಬರುವದು ವರ್ಷವು ಮುಗಿಯುತ್ತ ಬಂದಾಗ. ತಂದೆಯ ಲೆಕ್ಕವು ನಡೆಯುವದು ಮೇ ತಿಂಗಳಲ್ಲಿ. ಮುಂದಿನ ಮಾರ್ಚಿನಲ್ಲಿ ಬರಬಹುದಾದ ಹಣದ ಮೇಲೆ ಈ ಮೇ ತಿಂಗಳ ನಿರ್ಧಾರವನ್ನು ಯಾವ ಕೂಲಿಕಾರನು ನಿಲ್ಲಿಸಿಯಾನು?

ಬಸ್ಸಿನ ವಿಷಯವನ್ನು ಇಲ್ಲಿಯೇ ಹೇಳಿಬಿಡುವೆನು. ೨೦೨೩ರ ಜೂನ್ ೧೧ರಂದು 'ಶಕ್ತಿ' ಯೋಜನೆ ಆರಂಭವಾದಾಗಿನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೀಟಿನ ಹಣವಿಲ್ಲ. ಅಂದು ಆ ತಂದೆ ಹೇಳಿದ ತೊಡಕಿನಲ್ಲಿ ಅರ್ಧ ಹರಿಯಿತು. ಉಳಿದರ್ಧ ಹಾಗೆಯೇ ಇದೆ: ಹಣ ಕೇಳದ ಬಸ್ಸಾದರೂ ವೇಳೆಗೆ ಬರಬೇಕಲ್ಲ! ಹೆದ್ದಾರಿಯ ಮೇಲಿನ ಮೋಟೆಬೆನ್ನೂರಿನವರಿಗೆ ಗಳಿಗೆಗೊಂದು ವಾಹನ; ಒಳಗಿನ ಹಳ್ಳಿಯವರಿಗೆ ಮುಂಜಾನೆ ಒಂದು, ಸಂಜೆ ಒಂದು. ಪ್ರಯೋಗಾಲಯದ ತಾಸು ನಾಲ್ಕೂವರೆಗೆ ಮುಗಿಯುವ ವಿಜ್ಞಾನ ಶಾಖೆಯನ್ನು ಬಿಟ್ಟು, ಮಧ್ಯಾಹ್ನ ಬಿಡುವ ಕಲಾ ಶಾಖೆಯನ್ನು ಹಿಡಿದ ಹುಡುಗಿಯರು ನನ್ನ ವಿದ್ಯಾರ್ಥಿನಿಯರಲ್ಲೇ ಹಲವರು. ಅವರ ಶಾಖೆಯನ್ನು ಆರಿಸಿದ್ದು ಅಭಿರುಚಿಯಲ್ಲ, ಬಸ್ಸಿನ ವೇಳಾಪತ್ರಿಕೆ.

ಇನ್ನು ನಮ್ಮ ನಮ್ಮ ಊರಿನ ದತ್ತಿಗಳ ವಿಚಾರ. ಇದರಲ್ಲಿ ನನ್ನದೇ ಒಂದು ತಪ್ಪೂ ಕೂಡಿದೆ.

ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ದಾನಿಯೊಬ್ಬರು ತಮ್ಮ ತಾಯಿಯ ಹೆಸರಿನಲ್ಲಿ ಐದು ಸಾವಿರ ರೂಪಾಯಿಗಳನ್ನು ಠೇವಣಿ ಇಟ್ಟಿದ್ದರು. ಅದರ ಬಡ್ಡಿಯನ್ನು ಹತ್ತನೆಯ ಇಯತ್ತೆಯಲ್ಲಿ ಮೊದಲನೆಯವಳಾದ ವಿದ್ಯಾರ್ಥಿನಿಗೆ ಕೊಡತಕ್ಕದ್ದೆಂದು ಪತ್ರದಲ್ಲಿತ್ತು. ಆ ವಹಿಯನ್ನು ನಾನೇ ನೋಡಿಕೊಳ್ಳುತ್ತಿದ್ದೆನು. ೬೪ ಅಂಕದ ಆ ಹುಡುಗಿಯ ವರ್ಷ ಮೊದಲನೆಯವಳಾದದ್ದು ಒಬ್ಬ ವೈದ್ಯರ ಮಗಳು. ಅವಳಿಗೆ ನಾಲ್ಕು ನೂರು ಚಿಲ್ಲರೆ ರೂಪಾಯಿ, ಒಂದು ಹಾರ, ಒಂದು ಪ್ರಶಸ್ತಿಪತ್ರ. ಸಮಾರಂಭದ ದಿನ ಮುಖ್ಯ ಅತಿಥಿಗಳು ಸ್ತ್ರೀವಿದ್ಯಾಭ್ಯಾಸದ ಮೇಲೆ ಮುಕ್ಕಾಲು ತಾಸು ಮಾತಾಡಿದರು. ಆ ಹೊತ್ತಿಗೆ ಇನ್ನೊಬ್ಬಳು ಅಂಗಳದಲ್ಲಿ ತೊಟ್ಟು ಮುರಿಯುತ್ತಿದ್ದಳು. ವೈದ್ಯರ ಮಗಳು ಆ ಹಣವಿಲ್ಲದಿದ್ದರೂ ಓದುತ್ತಿದ್ದಳು, ಆ ಹಣವಿದ್ದಿದ್ದರೂ ಈ ಹುಡುಗಿಯು ಓದುತ್ತಿರಲಿಲ್ಲ. ಅಷ್ಟು ಸಣ್ಣ ಮೊತ್ತ ಅದು. ಹಾಗಾದರೆ ಆ ದತ್ತಿಯು ಯಾರನ್ನು ಓದಿಸಿತು? ದಾನಿಗಳು ಇನ್ನೂ ಬದುಕಿದ್ದರು. ಪತ್ರದ ಒಕ್ಕಣೆಯನ್ನು ತಿದ್ದಿಕೊಡಿರೆಂದು ನಾನು ಅವರನ್ನು ಕೇಳಬಹುದಾಗಿತ್ತು, ಕೇಳಲಿಲ್ಲ. ಪದ್ಧತಿಯಂತೆ ವಹಿ ತುಂಬಿ ಸಹಿ ಹಾಕಿದೆನು.

ಮೊದಲನೆಯ ಸ್ಥಾನಕ್ಕೇ ಕೊಡಬೇಕೆಂಬ ಚಾಳಿಯು ನಮ್ಮಲ್ಲಿ ಆಳವಾಗಿ ಬೇರೂರಿದೆ. ಇದಕ್ಕೆ ಇದಿರಾಗಿ ನೆರೆಯ ಬಾಂಗ್ಲಾದೇಶದವರು ಮಾಡಿದ್ದನ್ನು ನೋಡಿರಿ. ೧೯೮೨ರಲ್ಲಿ ಒಂದು ಉಪಜಿಲ್ಲೆಯಲ್ಲಿ ಪ್ರಯೋಗವಾಗಿ ಆರಂಭಿಸಿ, ೧೯೯೪ರಲ್ಲಿ ದೇಶದ ಹಳ್ಳಿಗಳಿಗೆಲ್ಲ ಹಬ್ಬಿಸಿದ ವೇತನವನ್ನು ಅವರು ಪ್ರೌಢಶಾಲೆಯ ಹುಡುಗಿಯರಿಗೆ ಕೊಟ್ಟರು. ಅದಕ್ಕೆ ಷರತ್ತು ಮೂರೇ: ನೂರಕ್ಕೆ ೭೫ ದಿನ ಹಾಜರಿ, ನೂರಕ್ಕೆ ೪೫ ಅಂಕ, ಮತ್ತು ಓದು ಮುಗಿಯುವವರೆಗೆ ಮದುವೆ ಇಲ್ಲ. ಹಣವು ಬ್ಯಾಂಕಿನಲ್ಲಿ ಹುಡುಗಿಯ ಹೆಸರಿಗೆ. ಕೆಲವೇ ವರ್ಷಗಳಲ್ಲಿ ಅಲ್ಲಿಯ ಪ್ರೌಢಶಾಲೆಗಳಲ್ಲಿ ಹುಡುಗಿಯರ ಸಂಖ್ಯೆ ಹುಡುಗರ ಸಂಖ್ಯೆಯನ್ನು ಮೀರಿತು. ನಲವತ್ತೈದು ಅಂಕ! ನಮ್ಮ ದತ್ತಿಪತ್ರಗಳನ್ನು ಬರೆಯುವವರು ಈ ಸಂಖ್ಯೆಯನ್ನು ಒಮ್ಮೆ ನೆನೆಯಬೇಕು.

ಠೇವಣಿಯ ಬಡ್ಡಿಯ ಲೆಕ್ಕವೂ ಕಣ್ಣು ತೆರೆಯಿಸುವಂಥದು. ಶೇಕಡಾ ಆರರ ಬಡ್ಡಿಯಲ್ಲಿ ಹತ್ತು ಸಾವಿರದ ದತ್ತಿಗೆ ವರ್ಷಕ್ಕೆ ಆರು ನೂರು ಬರುವದು. ಒಂದು ಗಣಿತದ ಮಾರ್ಗದರ್ಶಿ ಪುಸ್ತಕ, ಒಂದು ಜೊತೆ ಚಪ್ಪಲಿಗೆ ಆದೀತು. ವರ್ಷಕ್ಕೆ ೩೦,೦೦೦ ಕೊಡಬೇಕಾದರೆ ಐದು ಲಕ್ಷವನ್ನು ಇಡಬೇಕು. ಐದು ಲಕ್ಷವನ್ನು ಒಮ್ಮೆಲೆ ಇಡಬಲ್ಲವರು ನಮ್ಮ ಮೂರು ಪೇಟೆಗಳಲ್ಲಿ ಇಲ್ಲವೆಂದಲ್ಲ. ಮೆಣಸಿನಕಾಯಿಯ ಅಡತಿಯವರು, ಬೀಜದ ವ್ಯಾಪಾರದವರು, ಹಾವೇರಿಯ ಏಲಕ್ಕಿ ಹಾರಗಳನ್ನು ಮದುವೆಗಳಿಗೆ ತರಿಸುವವರು ಮನಸ್ಸು ಮಾಡಿದರೆ ಕಠಿಣವಲ್ಲ. ಆದರೆ ನಾನು ಈ ಬರಹವನ್ನು ಅವರಿಗಾಗಿ ಬರೆಯುತ್ತಿಲ್ಲ. ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವ ನಮ್ಮಂಥವರಿಗಾಗಿ ಇನ್ನೊಂದು ಲೆಕ್ಕವುಂಟು. ಹತ್ತು ಮನೆಗಳು ಕೂಡಿ ಮನೆಗೆ ತಿಂಗಳಿಗೆ ೨೫೦ ರೂಪಾಯಿ ತೆಗೆದಿಟ್ಟರೆ ವರ್ಷಕ್ಕೆ ಸರಿಯಾಗಿ ೩೦,೦೦೦ ಆಗುವದು. ಅದು ಒಬ್ಬ ಹುಡುಗಿಯ ಪಿ. ಯು. ವರ್ಷ. ಎರಡು ವರ್ಷ ನಡೆಸಿದರೆ ಅವಳನ್ನು ದೊಡ್ಡ ವೇತನಗಳ ದಂಡೆಗೆ ಮುಟ್ಟಿಸಿದ ಹಾಗಾಯಿತು. ಅನುದಾನಿತ ಶಾಲೆಯಲ್ಲಿ ಕಲಿತವಳೆಂಬ ಕಾರಣಕ್ಕೆ 'ದೀಪಿಕಾ'ದ ಹೊರಗುಳಿದ ಹುಡುಗಿಗೆ ಪದವಿಯ ವರ್ಷಗಳಲ್ಲಿಯೂ ಇಂಥ ಹತ್ತು ಮನೆಗಳೇ ಗತಿ.

ಈ ಸಂಗತಿಯು ಹೊಸದೇನಲ್ಲ. ನಮ್ಮ ಸೀಮೆ ಮುಂಬಯಿ ಇಲಾಖೆಯಲ್ಲಿದ್ದಾಗ, ಪುಣೆಯಲ್ಲಿ ಮಹರ್ಷಿ ಕರ್ವೆಯವರು ೧೮೯೬ರಲ್ಲಿ ವಿಧವೆಯರ ಆಶ್ರಮವನ್ನೂ ೧೯೧೬ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೂ ಕಟ್ಟಿದರು. ಅವರ ಹಿಂಗಣೆಯ ಸಂಸ್ಥೆಯು ದೀಪಾವಳಿಯ ಸೋದರಬಿದಿಗೆಯ ಹೆಸರಿನಲ್ಲಿಯೇ ಒಂದು ನಿಧಿಯನ್ನು ತೆಗೆಯಿತು: ತಂಗಿಗೆ ಕೊಡುವ ಉಡುಗೊರೆಯಂತೆ ಪ್ರತಿ ಮನೆಯವರೂ ತಮ್ಮ ಕೈಲಾದಷ್ಟನ್ನು ಕಾಣದ ತಂಗಿಯ ಓದಿಗೆ ಕೊಡಬೇಕೆಂದು. ಅಕ್ಕತಂಗಿಯರನ್ನು ತವರಿಗೆ ಕರೆತರುವ ಹಬ್ಬವೆಂದರೆ ನಮ್ಮ ಕಡೆಗೆ ಪಂಚಮಿ. ಉಂಡಿ ಕಟ್ಟುವ ದಿನವೇ ಈ ಹತ್ತು ಮನೆಗಳ ಲೆಕ್ಕವನ್ನು ಆರಂಭಿಸಿದರೆ ಮುಂದಿನ ಮೇ ತಿಂಗಳ ಹೊತ್ತಿಗೆ ಕೈಯಲ್ಲಿ ಹಣವಿರುವದು. ಮೊದಲ ಕಂತನ್ನು ಪ್ರವೇಶದ ದಿನವೇ ಕೊಡಬಹುದು.

ಕೊಡುವ ರೀತಿಯ ವಿಷಯದಲ್ಲಿ ಒಂದೇ ಮಾತು. ಕೊಡುವವನು ನಾಚಿಕೆಯಿಂದ ಕೊಡಬೇಕೆಂದು ತೈತ್ತಿರೀಯೋಪನಿಷತ್ತು ವಿದ್ಯಾರ್ಥಿಗೆ ಹೇಳಿ ಕಳಿಸುವದು. ನಮ್ಮಲ್ಲಿ ನಾಚಿಕೆಯ ಪಾಲು ಪಡೆಯುವವಳಿಗೆ ಬಂದಿದೆ. ಹದಿನಾರರ ಹುಡುಗಿಯನ್ನು ವೇದಿಕೆಗೆ ಕರೆದು, ಅವಳ ಮನೆಯ ಬಡತನವನ್ನು ಧ್ವನಿವರ್ಧಕದಲ್ಲಿ ವರ್ಣಿಸಿ, ಹಲಗೆಯಷ್ಟು ದೊಡ್ಡ ಚೆಕ್ಕನ್ನು ಕೈಗೆ ಕೊಟ್ಟು ಛಾಯಾಚಿತ್ರ ತೆಗೆಸುವದನ್ನು ನಾನು ನೋಡಿದ್ದೇನೆ. ಹೀಗೆ ಒಮ್ಮೆ ನಿಂತವಳು ಮರುವರ್ಷ ಅರ್ಜಿಯನ್ನೇ ಹಾಕದೆ ಉಳಿದದ್ದನ್ನೂ ನೋಡಿದ್ದೇನೆ.

ಅರ್ಜಿಯ ಮಾತು ಬಂದದ್ದರಿಂದ, ಹಣಕ್ಕಿಂತ ಮೊದಲು ಹುಡುಗಿಯರನ್ನು ಕೆಡವುವ ಒಂದು ಕಲ್ಲನ್ನು ತೋರಿಸಬೇಕು. ಶಾಲೆಯ ದಾಖಲೆಯಲ್ಲಿ 'ನೀಲಮ್ಮ' ಎಂದಿರುವದು, ಆಧಾರ ಚೀಟಿಯಲ್ಲಿ 'ನೀಲವ್ವ'. ತಂದೆಯ ಹೆಸರು ಒಂದರಲ್ಲಿ ಅಡ್ಡಹೆಸರಿನೊಡನೆ, ಇನ್ನೊಂದರಲ್ಲಿ ಬರಿದೆ. ಗಣಕಯಂತ್ರಕ್ಕೆ ಅಮ್ಮನೂ ಅವ್ವನೂ ಒಂದೇ ಎಂದು ತಿಳಿಯದು. ಇದನ್ನು ಎಂಟನೆಯ ಇಯತ್ತೆಯಲ್ಲಿಯೇ ತಿದ್ದಿಸಬೇಕು. ನಾಡಕಚೇರಿಯ ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ಫಲಿತಾಂಶಕ್ಕೆ ಮೊದಲೇ ಮಾಡಿಸಿಡಬೇಕು. ಖಾತೆಯನ್ನು ಹುಡುಗಿಯ ಹೆಸರಿನಲ್ಲಿ ತೆಗೆಯಿಸಿ, ಅದಕ್ಕೆ ಆಧಾರವು ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ನಿವೃತ್ತರಾದ ಮಾಸ್ತರರು ಪ್ರತಿ ಊರಿನಲ್ಲಿಯೂ ಇದ್ದೇವೆ. ಚಾವಡಿಯ ಹರಟೆಯನ್ನು ವಾರಕ್ಕೆ ಒಂದು ದಿನ ಬಿಟ್ಟರೆ ಹತ್ತು ಮಕ್ಕಳ ಕಾಗದಗಳು ಸರಿಯಾಗುವವು.

ಕಳೆದ ಬೇಸಿಗೆಯಲ್ಲಿ ಒಬ್ಬ ಹೆಣ್ಣುಮಗಳು ನಮ್ಮ ಮನೆಯನ್ನು ಹುಡುಕಿಕೊಂಡು ಬಂದಳು. ಗುರುತು ಹತ್ತ‌ಲಿಲ್ಲ. ಅವಳೇ ಹೆಸರು ಹೇಳಿ ಕಾಲಿಗೆ ನಮಸ್ಕರಿಸಿದ ಮೇಲೆ ಆ ದುಂಡು ಅಕ್ಷರಗಳು ನೆನಪಾದವು. ಬೆರಳುಗಳ ತುದಿ ಕೆಂಪಗೆ ಒರಟಾಗಿದ್ದವು. ಜೊತೆಯಲ್ಲಿ ಅವಳ ಮಗಳು; ಹತ್ತನೆಯ ಇಯತ್ತೆಯಲ್ಲಿ ೬೧ ಅಂಕ. "ಗುರುಗಳ, ಇಕಿನ್ನ ಸಾಯನ್ಸಿಗೆ ಹಚ್ಚಬೇಕಂತ ಮಾಡೇನ್ರಿ" ಎಂದಳು. ನನ್ನ ಹೆಂಡತಿ ಅವರಿಬ್ಬರಿಗೂ ಊಟಕ್ಕೆ ಹಾಕಿದಳು. ನಾನು ಒಂದು ಹಾಳೆಯ ಮೇಲೆ ಕಾಗದಪತ್ರಗಳ ಯಾದಿಯನ್ನು ಬರೆದುಕೊಟ್ಟು, ನಮ್ಮ ಓಣಿಯ ಹತ್ತು ಮನೆಗಳಲ್ಲಿ ಆರು ಒಪ್ಪಿವೆ ಎಂದು ಹೇಳಿದೆನು. ಅವಳು ಯಾದಿಯನ್ನು ಗಟ್ಟಿಯಾಗಿ ಓದಿ, ಮಡಚಿ, ಮಗಳ ಕೈಗೆ ಕೊಟ್ಟಳು; ಆಮೇಲೆ ಬ್ಯಾಂಕು ಎಷ್ಟು ಗಂಟೆಯ ತನಕ ತೆರೆದಿರುವದೆಂದು ಕೇಳಿದಳು.